ಕಸವನ್ನೂ ಓದಬೇಕು

ಮಗಳೇ,

“ಸೀರಿಯಲ್ ಕೆಲಸ ಮಾಡ್ತಿಲ್ಲ ದೊಡ್ಡಪ್ಪ” ಅಂತ ಇನ್ನು ಮುಂದೆ ಯಾರ ಹತ್ತಿರವೂ ಹೇಳಬೇಡ. ಆ ಒಂದು ಮಾತಿನೊಳಗೆ ಕಡಿಮೆಯೆಂದರೂ ಮೂರು ಬೇರೆ ಬೇರೆ ತಾಪತ್ರಯ ಕೂತಿರುತ್ತವೆ. ಬೋರ್ಡ್ ಚುಚ್ಚಿದರೂ ಕಂಪ್ಯೂಟರಿನಲ್ಲಿ ಪೋರ್ಟೇ ಕಾಣದಿರುವುದು ಒಂದು. ಪೋರ್ಟ್ ತೆರೆದುಕೊಂಡು, ಪರದೆ ಮಾತ್ರ ಖಾಲಿ ಉಳಿಯುವುದು ಇನ್ನೊಂದು. ಪರದೆ ತುಂಬ ಚೌಕಗಳು, ತಿರುಗಿ ನಿಂತ ಪ್ರಶ್ನಾರ್ಥಕ ಚಿಹ್ನೆಗಳು, ಯಾವ ಲಿಪಿಯೆಂದೇ ಗೊತ್ತಾಗದ ಅಕ್ಷರಗಳು ಉದುರುವುದು ಮತ್ತೊಂದು. ನಿನ್ನದು ಯಾವುದು ಅಂತ ಹೇಳಿದರೆ ಅರ್ಧ ಉತ್ತರ ನಿನ್ನ ಬಾಯಿಂದಲೇ ಬಂದುಬಿಡುತ್ತದೆ.

ನಿಮ್ಮ ವಯಸ್ಸಿನವರು ಏನು ಮಾಡುತ್ತೀರಿ ಅಂದರೆ, ಕಸ ಬಂತು ಅಂದ ಕೂಡಲೇ ಆ ಕಿಟಕಿ ಮುಚ್ಚಿ, ಕೋಡ್ ತೆರೆದು, ನಾಲ್ಕು ಸಾಲು ತಿದ್ದಿ, ಮತ್ತೆ ಅಪ್‌ಲೋಡ್ ಒತ್ತುತ್ತೀರಿ. ಜೊತೆಗೆ ಒಂದು ವೈರನ್ನೂ ಜರುಗಿಸಿರುತ್ತೀರಿ. ಈಗ ಕಸದ ರೂಪ ಬದಲಾದರೆ ಅದು ಸಾಲು ತಿದ್ದಿದ್ದರಿಂದಲೋ ವೈರು ಜರುಗಿದ್ದರಿಂದಲೋ ಹೇಳುವವರು ಯಾರು? ಮುಚ್ಚುವ ಮೊದಲು ಪರದೆಯ ಒಂದು ಫೋಟೋ ತೆಗೆದುಕೋ. ಬೋರ್ಡು, ವೈರುಗಳದ್ದೂ ಒಂದು. ಆ ಕಸ ಎಲ್ಲಿಂದ ಬಂತು ಅಂತ ಕಸವೇ ಹೇಳುತ್ತದೆ, ಓದುವುದನ್ನು ಕಲಿತರೆ. ವೇಬ್ರಿಡ್ಜು, ತೂಕದ ಇಂಡಿಕೇಟರು ರಿಪೇರಿ ಮಾಡಿಕೊಂಡೇ ಬದುಕು ಸಾಗಿಸಿದವನು ನಾನು. ನನ್ನ ಕೈಲಿದ್ದದ್ದು ಒಂದು ಮಲ್ಟಿಮೀಟರು, ಒಂದಷ್ಟು ತುಂಡು ವೈರು, ಅಷ್ಟೇ. ಬಹಳಷ್ಟು ಸಲ ಅಷ್ಟೇ ಸಾಕಾಗುತ್ತಿತ್ತು.

ಪೋರ್ಟೇ ಕಾಣದಿದ್ದರೆ ಕೋಡಿನ ತಂಟೆಗೆ ಹೋಗಲೇಬೇಡ. ಮೊದಲು ಕೇಬಲ್ ಬದಲಿಸು. ಮೊಬೈಲ್ ಚಾರ್ಜರ್ ಜೊತೆ ಬರುವ ಎಷ್ಟೋ ಯುಎಸ್‌ಬಿ ಕೇಬಲ್‌ಗಳಲ್ಲಿ ಕರೆಂಟಿನ ಎರಡು ತಂತಿ ಇರುತ್ತವೆ, ಡೇಟಾದ ಎರಡು ತಂತಿ ಇರುವುದೇ ಇಲ್ಲ. ಬೋರ್ಡಿನ ಎಲ್‌ಇಡಿ ಉರಿಯುತ್ತದೆ, ನೀನು ಎಲ್ಲ ಸರಿಯಿದೆ ಅಂದುಕೊಳ್ಳುತ್ತೀಯ. ಡೇಟಾ ಹೋಗುತ್ತದೆ ಅಂತ ಖಾತ್ರಿಯಾದ ಒಂದು ಕೇಬಲ್‌ಗೆ ಬಣ್ಣದ ಟೇಪ್ ಸುತ್ತಿ ನಿನ್ನ ಡಬ್ಬಿಯಲ್ಲಿಟ್ಟುಕೋ, ಹಾಸ್ಟೆಲಿನಲ್ಲಿ ಯಾರು ಕೇಳಿದರೂ ಕೊಡಬೇಡ.

ಆಮೇಲೆ ಬೋರ್ಡಿನ ಮೇಲಿರುವ ಯುಎಸ್‌ಬಿ ಚಿಪ್ಪಿನ ಹೆಸರು ಓದು. ಎಫ್‌ಟಿ232, ಸಿಪಿ2102, ಪಿಎಲ್2303, ಸಿಎಚ್340 ಅಂತ ಏನಾದರೊಂದು ಇರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಡಿಮೆ ಬೆಲೆಗೆ ಸಿಗುವ ನ್ಯಾನೋ, ಯೂನೋ ನಕಲುಗಳಲ್ಲಿ ಹೆಚ್ಚಾಗಿ ಸಿಎಚ್340 ಕೂತಿರುತ್ತದೆ. ಅದರ ಡ್ರೈವರ್ ಹಾಕಿದರೆ ಮುಗಿಯಿತು, ಅದೇನೂ ಕೀಳು ಚಿಪ್ಪಲ್ಲ. ತೊಂದರೆ ಬರುವುದು ಒಂದು ಕಂಪನಿಯ ಹೆಸರು ಹೊತ್ತ ನಕಲಿ ಚಿಪ್ಪುಗಳಲ್ಲಿ. 2014ರಲ್ಲಿ ಎಫ್‌ಟಿಡಿಐ ಕಂಪನಿಯ ವಿಂಡೋಸ್ ಡ್ರೈವರ್ ನಕಲಿ ಚಿಪ್ಪುಗಳನ್ನು ಗುರುತಿಸಿ ಅವುಗಳ ಗುರುತು ಸಂಖ್ಯೆಯನ್ನೇ ಸೊನ್ನೆ ಮಾಡಿಬಿಟ್ಟಿತು. ನಿನ್ನೆವರೆಗೂ ಚೆನ್ನಾಗಿದ್ದ ಬೋರ್ಡುಗಳು ಬೆಳಗಾಗುವಷ್ಟರಲ್ಲಿ ಕಾಣೆಯಾದವು. ತಾವು ಕೊಂಡದ್ದು ನಕಲಿ ಅಂತ ಗೊತ್ತೇ ಇಲ್ಲದ ಜನಕ್ಕೆ ಆ ಪೆಟ್ಟು ಬಿತ್ತು. ನಕಲಿ ಮಾಡಿದವನಿಗೆ ಏನೂ ಆಗಲಿಲ್ಲ. ನನಗೆ ಇವತ್ತಿಗೂ ಅದು ಸರಿ ಅನ್ನಿಸಿಲ್ಲ.

ಲಿನಕ್ಸ್ ಬಳಸುವವರಿಗೆ ಬೇರೆ ಎರಡು ಮುಳ್ಳುಗಳಿವೆ. ನಿನ್ನ ಯೂಸರ್ ಹೆಸರು ಡಯಲ್‌ಔಟ್ ಗುಂಪಿನಲ್ಲಿ ಇರದಿದ್ದರೆ ಪೋರ್ಟ್ ಕಂಡರೂ ತೆರೆಯಲು ಅನುಮತಿ ಸಿಗುವುದಿಲ್ಲ. ಸೇರಿಸಿಕೊಂಡ ಮೇಲೆ ಒಮ್ಮೆ ಲಾಗ್‌ಔಟ್ ಆಗಿ ಬರಬೇಕು, ಇದನ್ನು ಮರೆಯುವವರೇ ಹೆಚ್ಚು. ಇನ್ನೊಂದು ತಮಾಷೆಯದು. ಉಬುಂಟು 22.04ರಲ್ಲಿ ದೃಷ್ಟಿ ಇಲ್ಲದವರ ಬ್ರೈಲ್ ಯಂತ್ರಗಳಿಗಾಗಿ ಇರುವ ಬಿಆರ್‌ಎಲ್‌ಟಿಟಿವೈ ಎಂಬ ಪ್ರೋಗ್ರಾಂ ಸಿಎಚ್340 ಕಂಡರೆ ತನ್ನ ಯಂತ್ರವೇ ಬಂತು ಅಂದುಕೊಂಡು ಪೋರ್ಟನ್ನು ಕಿತ್ತುಕೊಳ್ಳುತ್ತದೆ. ಎರಡಕ್ಕೂ ಒಂದೇ ಗುರುತು ಸಂಖ್ಯೆ ಇರುವುದೇ ಕಾರಣ. ಬೋರ್ಡ್ ಚುಚ್ಚಿದ ತಕ್ಷಣ ಕರ್ನಲ್ ಬರೆಯುವ ಸಾಲುಗಳನ್ನು ಓದಿದರೆ ಇದೆಲ್ಲ ಅಲ್ಲೇ ಸಿಗುತ್ತದೆ. ವಿಂಡೋಸಿನಲ್ಲಿ ಒಂದು ಪೋರ್ಟನ್ನು ಒಂದು ಸಮಯಕ್ಕೆ ಒಂದೇ ಪ್ರೋಗ್ರಾಂ ತೆರೆಯಬಹುದು ಅನ್ನುವುದನ್ನು ನೆನಪಿಟ್ಟುಕೋ. ಸೀರಿಯಲ್ ಮಾನಿಟರ್ ತೆರೆದಿಟ್ಟು ಪೈಥಾನ್ ಓಡಿಸಿದರೆ ಅದು ಮುನಿಸಿಕೊಳ್ಳದೆ ಇನ್ನೇನು ಮಾಡೀತು?

ಈಗ ಎರಡನೆಯದಕ್ಕೆ ಬರೋಣ. ಪೋರ್ಟ್ ತೆರೆದಿದೆ, ಪರದೆ ಮಾತ್ರ ಖಾಲಿ. ಇಲ್ಲಿ ದಾರಿಯನ್ನು ತುಂಡು ಮಾಡಿ ನೋಡಬೇಕು. ಯುಎಸ್‌ಬಿ-ಸೀರಿಯಲ್ ಅಡಾಪ್ಟರಿನಿಂದ ಮೈಕ್ರೋಕಂಟ್ರೋಲರಿಗೆ ಹೋಗುವ ವೈರುಗಳನ್ನು ಕಿತ್ತುಬಿಡು. ಅಡಾಪ್ಟರಿನ ಟಿಎಕ್ಸ್, ಆರ್‌ಎಕ್ಸ್ ಎರಡನ್ನೂ ಒಂದು ಜಂಪರಿನಿಂದ ಸೇರಿಸು. ಟರ್ಮಿನಲ್ಲಿನಲ್ಲಿ ಲೋಕಲ್ ಎಕೋ ಆಫ್ ಮಾಡಿ ಏನಾದರೂ ಟೈಪ್ ಮಾಡು. ನೀನು ಒತ್ತಿದ ಅಕ್ಷರ ಪರದೆಯ ಮೇಲೆ ಮರಳಿ ಬಂದರೆ ಕಂಪ್ಯೂಟರು, ಡ್ರೈವರು, ಕೇಬಲ್ಲು, ಅಡಾಪ್ಟರು ಇಷ್ಟೂ ಸರಿ. ಜಂಪರ್ ತೆಗೆದ ಮೇಲೂ ಅಕ್ಷರ ಬರುತ್ತಿದ್ದರೆ ನೀನು ನೋಡುತ್ತಿರುವುದು ಎಕೋ, ಮೋಸಹೋಗಬೇಡ. ಬರಲೇ ಇಲ್ಲವೆಂದರೆ ನಿನ್ನ ಕೋಡನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ, ದೋಷ ಈಚೆ ಬದಿಯಲ್ಲಿದೆ. ಟರ್ಮಿನಲ್ಲಿಗೆ ಮಿನಿಕಾಂ ಬಳಸುತ್ತಿದ್ದರೆ ಅದರ ಸೆಟ್ಟಿಂಗಿನಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆಫ್ ಇದೆಯೇ ನೋಡು. ಮೊದಲಿನಿಂದಲೇ ಅದು ಆನ್ ಇರುತ್ತದೆ. ಮೂರೇ ವೈರು ಹಾಕಿದಾಗ ಅದು ಬಾರದ ಅನುಮತಿಗಾಗಿ ಕಾಯುತ್ತ ಒಂದಕ್ಷರವನ್ನೂ ಕಳಿಸುವುದಿಲ್ಲ.

ಈಚೆ ಬದಿ ಸರಿಯಿದೆ ಅಂದಮೇಲೆ ಜಂಪರನ್ನು ಒಂದೊಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕು. ಉದ್ದದ ಕೇಬಲ್ಲಿದ್ದರೆ ಅದರ ತುದಿಯಲ್ಲಿ ಸೇರಿಸಿ ನೋಡು. ನಡುವೆ ವೋಲ್ಟೇಜ್ ಬದಲಿಸುವ ಮ್ಯಾಕ್ಸ್232 ಚಿಪ್ಪಿದ್ದರೆ ಅದರ ಆಚೆ ಬದಿಯಲ್ಲಿ ಸೇರಿಸಿ ನೋಡು. ಎಲ್ಲಿ ಅಕ್ಷರ ಮರಳುವುದು ನಿಂತಿತೋ ಅಲ್ಲಿಗೂ ಅದರ ಹಿಂದಿನ ಹೆಜ್ಜೆಗೂ ನಡುವೆ ಕಳ್ಳನಿದ್ದಾನೆ. ಒಂದು ಎಚ್ಚರ: ಈ ಲೂಪ್‌ಬ್ಯಾಕ್ ಪರೀಕ್ಷೆ ವೇಗದ, ಅಂದರೆ ಬಾಡ್ ರೇಟಿನ, ಬಗ್ಗೆ ಏನೂ ಹೇಳುವುದಿಲ್ಲ. ಅಡಾಪ್ಟರು ತಾನೇ ಕಳಿಸಿ ತಾನೇ ಕೇಳಿಸಿಕೊಳ್ಳುವುದರಿಂದ 300 ಇಟ್ಟರೂ 115200 ಇಟ್ಟರೂ ಉತ್ತರ ಸರಿಯಾಗಿಯೇ ಬರುತ್ತದೆ. “ಲೂಪ್‌ಬ್ಯಾಕ್ ಪಾಸ್ ಆಯ್ತು, ಹಾಗಾದರೆ ಬಾಡ್ ರೇಟೂ ಸರಿ” ಅಂತ ವೈವಾದಲ್ಲಿ ಹೇಳಿಬಿಟ್ಟೀಯ, ಜೋಕೆ.

ಇನ್ನು ಮಲ್ಟಿಮೀಟರ್. ಮೈಕ್ರೋಕಂಟ್ರೋಲರಿನ ಟಿಎಕ್ಸ್ ಕಾಲು ಸುಮ್ಮನಿರುವಾಗ ಮೇಲೆಯೇ ನಿಂತಿರುತ್ತದೆ, 5 ವೋಲ್ಟಿನದಾದರೆ 5ರ ಹತ್ತಿರ, 3.3ರದಾದರೆ ಅದರ ಹತ್ತಿರ. ಸೊನ್ನೆ ತೋರಿಸಿದರೆ ಆ ಕಾಲಿನಲ್ಲಿ ಸೀರಿಯಲ್ ಶುರುವೇ ಆಗಿಲ್ಲ, ಅಥವಾ ನೀನು ಬೇರೆ ಕಾಲನ್ನು ಹಿಡಿದಿದ್ದೀಯ. ಹಳೆಯ ಆರ್‌ಎಸ್-232 ಪೋರ್ಟಿನಲ್ಲಿ ಇದು ತಿರುವುಮುರುವು. ಸುಮ್ಮನಿರುವ ಟಿಎಕ್ಸ್ ತಂತಿ ಮೈನಸ್ 5ರಿಂದ ಮೈನಸ್ 12 ವೋಲ್ಟಿನವರೆಗೆ ಏನಾದರೂ ತೋರಿಸುತ್ತದೆ. ಗುರುತು ಹಾಕದ ಒಂಬತ್ತು ಪಿನ್ನಿನ ಕನೆಕ್ಟರ್ ಸಿಕ್ಕಾಗ ಯಾವುದು ಕಳಿಸುವ ತಂತಿ ಅಂತ ನಾನು ಹೀಗೆಯೇ ಹುಡುಕುತ್ತಿದ್ದೆ. ಕಪ್ಪು ಪ್ರೋಬ್ 5ನೇ ಪಿನ್ನಿಗೆ, ಕೆಂಪು ಪ್ರೋಬ್ 2ಕ್ಕೂ 3ಕ್ಕೂ. ಎಲ್ಲಿ ಗಟ್ಟಿಯಾದ ಮೈನಸ್ ಕಂಡಿತೋ ಆ ಕಡೆಯ ಯಂತ್ರ ಅದರಲ್ಲಿ ಮಾತಾಡುತ್ತದೆ. ಅವನು ಮಾತಾಡುವ ತಂತಿಗೆ ಇವನು ಕೇಳುವ ಕಾಲು ಬರಬೇಕು, ಟಿಎಕ್ಸ್‌ಗೆ ಆರ್‌ಎಕ್ಸ್. ಇದನ್ನು ಎಲ್ಲರೂ ಹೇಳುತ್ತಾರೆ. ಗ್ರೌಂಡಿಗೆ ಗ್ರೌಂಡ್ ಸೇರಿಸು ಅಂತ ಮಾತ್ರ ಯಾರೂ ಒತ್ತಿ ಹೇಳುವುದಿಲ್ಲ. ಬೋರ್ಡಿಗೆ ಬೇರೆ ಪವರ್ ಅಡಾಪ್ಟರಿನಿಂದ ಕರೆಂಟು ಕೊಟ್ಟು, ಕಂಪ್ಯೂಟರಿಗೆ ಎರಡೇ ತಂತಿ ಎಳೆದರೆ, 5 ವೋಲ್ಟ್ ಅಂದರೆ ಯಾವುದಕ್ಕಿಂತ 5 ವೋಲ್ಟ್ ಮೇಲೆ?

ಆರ್‌ಎಸ್-232ರ ಆ ಮೈನಸ್ 12 ವೋಲ್ಟನ್ನು ಮೈಕ್ರೋಕಂಟ್ರೋಲರಿನ ಕಾಲಿಗೆ ನೇರವಾಗಿ ಕೊಡಬೇಡ, ಅದು ಅಲ್ಲೇ ಸಾಯಬಹುದು. ನಡುವೆ ಮ್ಯಾಕ್ಸ್232 ಅಥವಾ 3.3 ವೋಲ್ಟಿಗಾದರೆ ಮ್ಯಾಕ್ಸ್3232 ಬೇಕು. ಮ್ಯಾಕ್ಸ್232 ಚಿಪ್ಪು 5 ವೋಲ್ಟಿನಿಂದಲೇ ಕೆಪಾಸಿಟರುಗಳ ಸಹಾಯದಿಂದ ಪ್ಲಸ್ಸೂ ಮೈನಸ್ಸೂ ಎರಡನ್ನೂ ಹುಟ್ಟಿಸುತ್ತದೆ. 2ನೇ ಕಾಲಿನಲ್ಲಿ ಪ್ಲಸ್ 8ರಿಂದ 10, 6ನೇ ಕಾಲಿನಲ್ಲಿ ಮೈನಸ್ 8ರಿಂದ 10 ಸಿಗದಿದ್ದರೆ ಯಾವುದೋ ಕೆಪಾಸಿಟರ್ ತಲೆಕೆಳಗಾಗಿ ಕೂತಿರಬಹುದು. 3.3 ವೋಲ್ಟಿನ ಇಎಸ್‌ಪಿ32ಕ್ಕೆ 5 ವೋಲ್ಟಿನ ಟಿಎಕ್ಸ್ ಕೊಡುವುದೂ ಸಲ್ಲದು. ಕೊಟ್ಟ ಸ್ನೇಹಿತೆ ಇವತ್ತು ನಡೀತಿದೆ ಅಂದರೂ ಕೊಡಬೇಡ.

ಈಗ ಕಸದ ವಿಷಯ. ನನಗೆ ಇಷ್ಟವಾದದ್ದು ಇದೇ.

ಕಳಿಸುವವನು, ಕೇಳುವವನು ಈ ಇಬ್ಬರ ನಡುವೆ ಗಡಿಯಾರದ ತಂತಿ ಇಲ್ಲ ಅನ್ನುವುದು ಮನಸ್ಸಿನಲ್ಲಿರಲಿ. ಒಬ್ಬರನ್ನೊಬ್ಬರು ನೋಡದೆ ಬೇರೆ ಬೇರೆ ಕೋಣೆಯಲ್ಲಿ ಕೂತು ಒಂದೇ ಭಜನೆಗೆ ತಾಳ ಹಾಕುವವರ ಹಾಗೆ ಇದು. ಸ್ಟಾರ್ಟ್ ಬಿಟ್ ಅನ್ನುವುದು ಶುರುಮಾಡುವ ಒಂದೇ ಸನ್ನೆ. ಅಲ್ಲಿಂದ ಮುಂದೆ ಕೇಳುವವನು ತನ್ನ ಲೆಕ್ಕದಲ್ಲೇ ಪ್ರತಿ ಬಿಟ್ಟಿನ ನಡುವೆ ಕಣ್ಣು ತೆರೆದು ನೋಡಬೇಕು. 9600ರಲ್ಲಿ ಒಂದು ಬಿಟ್ ಸುಮಾರು 104 ಮೈಕ್ರೋಸೆಕೆಂಡ್. ಸ್ಟಾರ್ಟ್ ಒಂದು, ಡೇಟಾ ಎಂಟು, ಸ್ಟಾಪ್ ಒಂದು, ಒಟ್ಟು ಹತ್ತು. ಸ್ಟಾಪ್ ಬಿಟ್ಟಿನ ನಡುವಿಗೆ ಬರುವಷ್ಟರಲ್ಲಿ ಒಂಬತ್ತೂವರೆ ಬಿಟ್ಟಿನ ದೂರ ನಡೆದಿರುತ್ತಾನೆ. ಅಷ್ಟರಲ್ಲಿ ಅರ್ಧ ಬಿಟ್ ತಪ್ಪಿದರೆ ಕೆಟ್ಟಿತು. ಅಂದರೆ ಇಬ್ಬರ ವೇಗದ ವ್ಯತ್ಯಾಸ ನೂರಕ್ಕೆ 5ನ್ನು ಮುಟ್ಟಬಾರದು. ಇಬ್ಬರಿಗೂ ಹಂಚಿದರೆ ತಲಾ 2ರೊಳಗೆ ಇದ್ದರೆ ನೆಮ್ಮದಿ.

ನಿನ್ನ ಲ್ಯಾಬಿನ 8051 ಕಿಟ್ಟಿನಲ್ಲಿ 11.0592 ಮೆಗಾಹರ್ಟ್ಸ್ ಎಂಬ ವಿಚಿತ್ರ ಕ್ರಿಸ್ಟಲ್ ಏಕಿದೆ ಅಂತ ಕೇಳಿದ್ದೆಯಲ್ಲ, ಉತ್ತರ ಇಲ್ಲೇ ಇದೆ. 12ರಿಂದ ಭಾಗಿಸು, 32ರಿಂದ ಭಾಗಿಸು, 28800 ಬರುತ್ತದೆ. ಅದನ್ನು 3ರಿಂದ ಭಾಗಿಸಿದರೆ ಸರಿಯಾಗಿ 9600. ಚಿಲ್ಲರೆ ಉಳಿಯುವುದಿಲ್ಲ. ಅದೇ ಕೋಡನ್ನು 12 ಮೆಗಾಹರ್ಟ್ಸ್ ಕ್ರಿಸ್ಟಲ್ ಇರುವ ಬೋರ್ಡಿಗೆ ಹಾಕಿದರೆ 31250ನ್ನು 3ರಿಂದ ಭಾಗಿಸಿದ 10416 ಬರುತ್ತದೆ, ನೂರಕ್ಕೆ 8.5ರಷ್ಟು ಹೆಚ್ಚು. ಪರದೆಯಲ್ಲಿ ಕಸ. ಕೋಡಿನಲ್ಲಿ ಒಂದಕ್ಷರ ತಪ್ಪಿಲ್ಲ, ಪುಸ್ತಕದಲ್ಲಿರುವುದೂ ಅದೇ. ತಪ್ಪಿರುವುದು ಆ ಪುಟ್ಟ ಬೆಳ್ಳಿ ಡಬ್ಬಿಯ ಮೇಲೆ ಕೆತ್ತಿದ ಸಂಖ್ಯೆಯಲ್ಲಿ. 12 ಮೆಗಾಹರ್ಟ್ಸೇ ಗತಿಯಾದರೆ ಎಸ್‌ಮಾಡ್ ಬಿಟ್ ಒಂದು ಮಾಡಿ 4800ಕ್ಕೆ ಇಳಿ. 62500ನ್ನು 13ರಿಂದ ಭಾಗಿಸಿದರೆ 4807, ಅದು ಸಾಕಷ್ಟು ಹತ್ತಿರ. ಆದ್ದರಿಂದ ಬೇರೆಯವರ ಕೋಡ್ ನಕಲು ಮಾಡುವಾಗ ಅವರ ಕ್ರಿಸ್ಟಲ್ಲಿನ ಸಂಖ್ಯೆಯನ್ನೂ ಬರೆದುಕೋ.

ಎಟಿಮೆಗಾ328ಪಿ ಬಿಡಿ ಚಿಪ್ಪು ತಂದವರಿಗೆ ಇದೇ ಇನ್ನೊಂದು ವೇಷದಲ್ಲಿ ಬರುತ್ತದೆ. ಕಾರ್ಖಾನೆಯಿಂದ ಬಂದ ಆ ಚಿಪ್ಪು ತನ್ನೊಳಗಿನ 8 ಮೆಗಾಹರ್ಟ್ಸ್ ಗಡಿಯಾರವನ್ನು ಎಂಟರಿಂದ ಭಾಗಿಸಿಕೊಂಡು 1 ಮೆಗಾಹರ್ಟ್ಸಿನಲ್ಲಿ ಓಡುತ್ತಿರುತ್ತದೆ. ನೀನು ಪಕ್ಕದಲ್ಲಿ 16ರ ಕ್ರಿಸ್ಟಲ್ ಕೂರಿಸಿದರೂ ಫ್ಯೂಸ್ ಬದಲಿಸುವವರೆಗೆ ಅದು ಆ ಕಡೆ ತಿರುಗಿಯೂ ನೋಡುವುದಿಲ್ಲ. ಇದನ್ನು ಹಿಡಿಯಲು ಒಂದು ಉಪಾಯ ಹೇಳುತ್ತೇನೆ. ದೊಡ್ಡಕ್ಷರದ ಯು ಒಂದನ್ನೇ ಎಡೆಬಿಡದೆ ಕಳಿಸುವ ನಾಲ್ಕು ಸಾಲಿನ ಪ್ರೋಗ್ರಾಂ ಬರೆ. ಆ ಅಕ್ಷರದ ಬಿಟ್ಟುಗಳು ಸ್ಟಾರ್ಟೂ ಸ್ಟಾಪೂ ಸೇರಿ ಸೊನ್ನೆ ಒಂದು ಸೊನ್ನೆ ಒಂದು ಅಂತ ಒಂದೇ ಸಮ ಹೋಗುತ್ತವೆ. ನಿನ್ನ ಮಲ್ಟಿಮೀಟರಿನಲ್ಲಿ ಹರ್ಟ್ಸ್ ಅಳೆಯುವ ಮನೆ ಇದ್ದರೆ ಟಿಎಕ್ಸ್ ಕಾಲಿಗೆ ಇಡು. 9600ಕ್ಕೆ 4800 ಹರ್ಟ್ಸ್ ತೋರಿಸಬೇಕು. 300 ತೋರಿಸಿತು ಅನ್ನು, 16ರಲ್ಲಿ ಒಂದು ಪಾಲು, ಹಾಗಾದರೆ 16ಕ್ಕೆಂದು ಬರೆದ ಕೋಡು 1 ಮೆಗಾಹರ್ಟ್ಸಿನಲ್ಲಿ ಓಡುತ್ತಿದೆ. ಆಸಿಲೋಸ್ಕೋಪ್ ಬುಕ್ ಮಾಡಿ ಸರತಿಗೆ ಕಾಯುವ ಅಗತ್ಯವೇ ಇಲ್ಲ.

ಕಸದ ನಡತೆಯನ್ನೂ ಗಮನಿಸು. ಒಂದು ಅಕ್ಷರವನ್ನು ನಿಧಾನವಾಗಿ, ಸೆಕೆಂಡಿಗೊಮ್ಮೆ ಕಳಿಸು. ಪ್ರತಿಸಲವೂ ಅದೇ ತಪ್ಪು ಚಿಹ್ನೆ ಬಂದರೆ ಅದು ವೇಗದ ತಪ್ಪು ಅಥವಾ ಪ್ಯಾರಿಟಿಯ ತಪ್ಪು. ಪ್ರತಿಸಲವೂ ಬೇರೆ ಬೇರೆ ಬಂದರೆ, ಕೈ ಹತ್ತಿರ ತಂದಾಗ ಹೆಚ್ಚಾದರೆ, ಗ್ರೌಂಡ್ ನೋಡು, ಸಡಿಲವಾದ ವೈರ್ ನೋಡು. ಕಳಿಸಿದ್ದಕ್ಕಿಂತ ಹೆಚ್ಚು ಚಿಹ್ನೆಗಳು ಬಂದರೆ ಕೇಳುವವನ ವೇಗ ಹೆಚ್ಚಿದೆ. ಸಾಲಾಗಿ ಕಳಿಸಿದ್ದರಲ್ಲಿ ಕೆಲವೇ ಬಂದರೆ ಅವನ ವೇಗ ಕಡಿಮೆಯಿದೆ. ಬರೀ ಶುರುವಿನಲ್ಲಿ ಒಂದಿಷ್ಟು ಕಸ ಬಂದು ಆಮೇಲೆ ಸರಿಹೋದರೆ, ಬೋರ್ಡು ಇಎಸ್‌ಪಿ8266 ಆಗಿದ್ದರೆ, ಚಿಂತೆ ಬೇಡ. ಅದು ಏಳುವಾಗ 74880 ಎಂಬ ಯಾರೂ ಬಳಸದ ವೇಗದಲ್ಲಿ ತನ್ನ ಸಮಾಚಾರ ಹೇಳಿಕೊಳ್ಳುತ್ತದೆ.

ಮಂಡ್ಯ ಕಡೆಯ ಒಂದು ಸಕ್ಕರೆ ಕಾರ್ಖಾನೆಗೆ ಹೋಗಿದ್ದಾಗ ಕಂಡದ್ದು ಹೇಳಬೇಕು. ಕಬ್ಬಿನ ಗಾಡಿಗಳ ಸಾಲು ರಸ್ತೆಯವರೆಗೆ ನಿಂತಿದೆ, ಹೊಸ ಕಂಪ್ಯೂಟರಿನಲ್ಲಿ ತೂಕ ಅರ್ಧಂಬರ್ಧ ಬರುತ್ತಿದೆ. ಇಂಡಿಕೇಟರೇ ಕೆಟ್ಟಿದೆ ಅಂತ ಅಲ್ಲಿನವರು ತೀರ್ಮಾನ ಮಾಡಿ ಬಿಚ್ಚಲು ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದರು. ನಾನು ಒಂದು ಗಾಡಿ ನಿಲ್ಲಿಸಿಕೊಂಡು ಪರದೆ ನೋಡುತ್ತ ಕೂತೆ. 0, 3, 5, 6, 9 ಈ ಅಂಕಿಗಳು ಯಾವಾಗಲೂ ಸರಿ. 1, 2, 4, 7, 8 ಯಾವಾಗಲೂ ಕಸ. ಕೆಟ್ಟ ಯಂತ್ರ ಇಷ್ಟು ಶಿಸ್ತಾಗಿ ಕೆಡುವುದಿಲ್ಲ. ಕಾಗದದ ಮೇಲೆ ಅಂಕಿಗಳ ಆಸ್ಕಿ ಬಿಟ್ಟುಗಳನ್ನು ಬರೆದು ನೋಡು, ಮೊದಲ ಗುಂಪಿನಲ್ಲಿ ಒಂದುಗಳ ಸಂಖ್ಯೆ ಸಮ, ಎರಡನೆಯದರಲ್ಲಿ ಬೆಸ. ಇಂಡಿಕೇಟರು ಏಳು ಬಿಟ್ ಡೇಟಾ ಮತ್ತು ಈವನ್ ಪ್ಯಾರಿಟಿ, ಅಂದರೆ ಒಂದುಗಳ ಸಂಖ್ಯೆಯನ್ನು ಸಮ ಮಾಡುವ ಒಂದು ಬಿಟ್, ಕಳಿಸುತ್ತಿತ್ತು, ಕಂಪ್ಯೂಟರು ಎಂಟು ಬಿಟ್, ಪ್ಯಾರಿಟಿ ಇಲ್ಲ ಅಂತ ಓದುತ್ತಿತ್ತು. ಒಂದುಗಳ ಸಂಖ್ಯೆ ಬೆಸವಿರುವ ಅಂಕಿಗಳಿಗೆ ಪ್ಯಾರಿಟಿ ಬಿಟ್ ಒಂದಾಗಿ ಎಂಟನೇ ಜಾಗಕ್ಕೆ ಹೋಗಿ ಕೂರುತ್ತಿತ್ತು. ಸಾಫ್ಟ್‌ವೇರಿನಲ್ಲಿ ಎರಡು ಸೆಟ್ಟಿಂಗ್ ಬದಲಿಸಿದ್ದು ಬಿಟ್ಟರೆ ಬೇರೆ ಕೆಲಸವೇ ಇರಲಿಲ್ಲ.

ಅಕ್ಷರಗಳು ಸರಿಯಾಗಿ ಬಂದಮೇಲಿನ ತಕರಾರುಗಳು ಕೋಡಿನವು, ಅವನ್ನು ಬೇಗ ಹೇಳಿ ಮುಗಿಸುತ್ತೇನೆ. 1 ಕಳಿಸಿದರೆ 49 ಬರುತ್ತಿದೆ ಅಂದರೆ ಅದು 1ರ ಆಸ್ಕಿ ಸಂಖ್ಯೆ, ತಪ್ಪೇನೂ ಆಗಿಲ್ಲ. ಕಮಾಂಡ್ ಕೊಟ್ಟರೂ ಮಾಡ್ಯೂಲ್ ಉತ್ತರಿಸದಿದ್ದರೆ ಸಾಲಿನ ಕೊನೆಗೆ ಕ್ಯಾರಿಯೇಜ್ ರಿಟರ್ನ್, ಲೈನ್ ಫೀಡ್ ಎರಡೂ ಹೋಗುತ್ತಿವೆಯೇ ನೋಡು. ಯೂನೋದಲ್ಲಿ ಒಳಬರುವ ಅಕ್ಷರಗಳಿಗೆ 64 ಬೈಟಿನ ಜಾಗ ಮಾತ್ರ ಇದೆ. ನಿನ್ನ ಲೂಪಿನಲ್ಲಿ ಒಂದು ಸೆಕೆಂಡಿನ ಡಿಲೇ ಹಾಕಿ ಆಚೆಯಿಂದ 9600ರಲ್ಲಿ ಸುರಿದರೆ ಸೆಕೆಂಡಿಗೆ 960 ಬೈಟ್ ಬರುತ್ತವೆ, ಉಳಿದವು ಎಲ್ಲಿಗೆ ಹೋಗಬೇಕು? ಅದೇ ಬೋರ್ಡಿನಲ್ಲಿ 0 ಮತ್ತು 1ನೇ ಕಾಲುಗಳು ಯುಎಸ್‌ಬಿಗೂ ಹಂಚಿಕೆಯಾಗಿವೆ. ಅಲ್ಲಿಗೆ ಬ್ಲೂಟೂತೋ ಜಿಪಿಎಸ್ಸೋ ಚುಚ್ಚಿಟ್ಟರೆ ಅಪ್‌ಲೋಡ್ ಹತ್ತು ಸಲ ಪ್ರಯತ್ನಿಸಿ ಸಿಂಕ್ ಸಿಗಲಿಲ್ಲ ಅನ್ನುತ್ತದೆ. ಮಾನಿಟರ್ ತೆರೆದಾಗಲೆಲ್ಲ ಎಣಿಕೆ ಮೊದಲಿಂದ ಶುರುವಾಗುವುದು ದೋಷವಲ್ಲ. ಡಿಟಿಆರ್ ತಂತಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರಿನ ಮೂಲಕ ಬೋರ್ಡನ್ನು ರೀಸೆಟ್ ಮಾಡುತ್ತದೆ. ಹಾಗಾಗಿ ಪೈಥಾನಿನಲ್ಲಿ ಪೋರ್ಟ್ ತೆರೆದು ಒಂದೆರಡು ಸೆಕೆಂಡ್ ತಾಳು, ಆಮೇಲೆ ಮಾತಾಡು.

ಕೊನೆಯದು ಎಲ್ಲಕ್ಕಿಂತ ತಲೆತಿನ್ನುವಂಥದ್ದು: ಒಂದು ಗಂಟೆ ಚೆನ್ನಾಗಿ ನಡೆದು ಆಮೇಲೆ ಕೈಕೊಡುವುದು. ಪಕ್ಕದಲ್ಲಿ ಮೋಟಾರು ಶುರುವಾದಾಗ ಯುಎಸ್‌ಬಿ ಅಡಾಪ್ಟರು ಕ್ಷಣಕಾಲ ಕಳಚಿ ಮತ್ತೆ ಸೇರಿಕೊಳ್ಳುತ್ತದೆ, ಕೆಲವೊಮ್ಮೆ ಬೇರೆ ಪೋರ್ಟ್ ಸಂಖ್ಯೆಯಲ್ಲಿ. ನಿನ್ನ ಪ್ರೋಗ್ರಾಂ ಇನ್ನೂ ಹಳೆಯದನ್ನೇ ಹಿಡಿದು ಕೂತಿರುತ್ತದೆ. ಬಂದ ಪ್ರತಿ ಸಾಲನ್ನೂ ಸಮಯದ ಜೊತೆ ಒಂದು ಫೈಲಿಗೆ ಬರೆಸು, ಯಾವ ಗಳಿಗೆಯಲ್ಲಿ ನಿಂತಿತು ಅಂತ ತಿಳಿದರೆ ಆ ಗಳಿಗೆಯಲ್ಲಿ ಏನು ಚಾಲೂ ಆಯಿತು ಅಂತ ಹುಡುಕಬಹುದು. ಇನ್ನು ನೀನು ಸೆನ್ಸರಿನ ಅಂಕಿಯನ್ನು ಬರೀ ಅಂಕಿಯಾಗಿಯೇ ಕಳಿಸುತ್ತಿರುವೆ, ಅದನ್ನು ಇವತ್ತೇ ಬದಲಿಸು. ವೇಬ್ರಿಡ್ಜಿನಿಂದ 12540 ಕಿಲೋ ಕಳಿಸಿದಾಗ ನಡುವಿನ 5 ಕಳೆದುಹೋದರೆ ಪರದೆಯ ಮೇಲೆ 1240 ಬರುತ್ತದೆ. ಅದು ಕಸದ ಹಾಗೆ ಕಾಣುವುದಿಲ್ಲ, ಯಾರಿಗೂ ಅನುಮಾನ ಬರುವುದಿಲ್ಲ, ಚೀಟಿ ಪ್ರಿಂಟಾಗಿ ರೈತನ ಕೈಗೆ ಹೋಗಿಬಿಡುತ್ತದೆ. ಸಾಲಿನ ಮೊದಲಿಗೊಂದು, ಕೊನೆಗೊಂದು ಗುರುತು ಇಡು. ಅಂಕಿಗೆ ಯಾವಾಗಲೂ ಒಂದೇ ಅಗಲ ಕೊಡು, ಚಿಕ್ಕದಾದರೆ ಮುಂದೆ ಸೊನ್ನೆ ತುಂಬು. ಎಲ್ಲ ಬೈಟುಗಳನ್ನು ಕೂಡಿದ ಮೊತ್ತದ ಕೊನೆಯ ಬೈಟನ್ನು ಸಾಲಿನ ತುದಿಗೆ ಸೇರಿಸು. ಕಂಪ್ಯೂಟರಿನ ಬದಿಯಲ್ಲಿ ಉದ್ದವೋ ಮೊತ್ತವೋ ಹೊಂದದಿದ್ದರೆ ಆ ಸಾಲನ್ನು ಎಸೆದು ಮುಂದಿನದಕ್ಕೆ ಕಾಯಲಿ, ಎಸೆದ ಸಾಲುಗಳ ಲೆಕ್ಕವೂ ಪರದೆಯ ಮೂಲೆಯಲ್ಲಿ ಕಾಣುತ್ತಿರಲಿ.